ಚಿತ್ರದಕ್ಕನ ಬಿಳಿ ತೇಪೆಗಳು

ಕಪ್ಪೆಯ ಹೊಟ್ಟೆಯೊಳಗೆ ಏನೇನಿದೆ ಎಂದು ಆ ಊರಿನ ಅರ್ಧ ಜನಕ್ಕೆ ಗೊತ್ತಿದ್ದರೆ ಅದು ಚಿತ್ರದಕ್ಕನ ದಯೆ. ಶಾಲೆಯ ಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಅವಳು ಮೂವತ್ತೊಂದು ವರ್ಷದಿಂದ ಚಿತ್ರ ಬರೆಯುತ್ತಿದ್ದಳು. ಸೀಳಿದ ಹೂವು, ಕಣ್ಣಿನ ಒಳಭಾಗ, ಮೂತ್ರಪಿಂಡ, ಬೇರಿನ ತುದಿ, ಎಲ್ಲವೂ ಅವಳ ಕೈಯಿಂದಲೇ ಮಕ್ಕಳ ತಲೆಗೆ ಹೋದದ್ದು. ನಿಜವಾದ ಕಪ್ಪೆ ಕಂಡರೆ ಮಾತ್ರ ಚೀರಿ ಕುರ್ಚಿ ಹತ್ತುತ್ತಿದ್ದಳು, ಆ ಮಾತು ಬೇರೆ. ಗಂಡ ಸತ್ತಾಗ ಮಗನಿಗೆ ಆರು ವರ್ಷ. ಆ ಮಗನನ್ನು ಸಾಕಿದ್ದೂ, ಓದಿಸಿದ್ದೂ, ಮದುವೆ ಮಾಡಿದ್ದೂ ಇದೇ ಕಪ್ಪೆ, ಇದೇ ಮೂತ್ರಪಿಂಡ.

ಕಿಟಕಿಯ ಪಕ್ಕದ ಓರೆ ಮೇಜು ಅವಳದು. ಅದರ ಮೇಲೆ ಮಸಿಕುಡಿಕೆ, ಮೂರು ದಪ್ಪದ ನಿಬ್ಬುಗಳು, ಔಷಧಿ ಬಾಟಲಿಯ ಮುಚ್ಚಳದಲ್ಲಿ ಕಲಸಿಟ್ಟ ಬಿಳಿ ಬಣ್ಣ. ಗೆರೆ ತಪ್ಪಿದರೆ ಕುಂಚದ ತುದಿಯಿಂದ ಬಿಳಿ ಸವರುವುದು, ಉಫ್ ಎಂದು ಊದುವುದು, ಒಣಗಿದ ಮೇಲೆ ಮತ್ತೆ ಬರೆಯುವುದು. ಬಿಳಿ ಕಾಗದದ ಮೇಲಿನ ಬಿಳಿ ತೇಪೆ ಅಚ್ಚಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಇಷ್ಟು ವರ್ಷಗಳಲ್ಲಿ ಅವಳ ಒಂದೇ ಒಂದು ತಪ್ಪನ್ನೂ ಯಾರೂ ಕಂಡಿರಲಿಲ್ಲ. ಅವಳು ತಪ್ಪು ಮಾಡಿರಲಿಲ್ಲ ಎಂದಲ್ಲ.

ಒಂದು ದಿನ ಮಾಲೀಕರು ಕರೆದು, ಅವಳ ಮುಖ ನೋಡದೆ, ಮೇಜಿನ ಗಾಜು ನೋಡುತ್ತ ಹೇಳಿದರು.

"ಈ ಸಲ ಏಳನೇ ತರಗತಿ ವಿಜ್ಞಾನದ ಚಿತ್ರ ಎಲ್ಲ ಕಂಪ್ಯೂಟರಲ್ಲೇ ಬರೆದು ಕೊಡ್ಬೇಕಂತೆ ಅಕ್ಕ. ಗೋಡೆಯಷ್ಟು ದೊಡ್ಡದು ಮಾಡಿದ್ರೂ ಗೆರೆ ಒಡೀಬಾರದಂತೆ. ನಲವತ್ತಾರು ಚಿತ್ರ. ಮೂರು ತಿಂಗಳಿದೆ. ಕಲಿತ್ರೆ ಮೇಜು ನಿಮ್ದೇ. ಆಗ್ಲಿಲ್ಲ ಅಂದ್ರೂ ಕೆಲಸಕ್ಕೇನೂ ತೊಂದ್ರೆ ಇಲ್ಲ, ಬೈಂಡಿಂಗ್ ಕಡೆ ಹೋಗಿ."

ಬೈಂಡಿಂಗ್ ಎಂದರೆ ಹಿಂದಿನ ತಗಡಿನ ಕೊಠಡಿ. ಆರು ಹೆಂಗಸರು ಬೆಳಗಿನಿಂದ ಸಂಜೆವರೆಗೆ ಅಚ್ಚಾದ ಹಾಳೆ ಮಡಿಸುತ್ತಾರೆ. ಅವರನ್ನು ಕಂಡರೆ ಚಿತ್ರದಕ್ಕನಿಗೆ ತಾತ್ಸಾರವೇನೂ ಇರಲಿಲ್ಲ, ಮಧ್ಯಾಹ್ನ ಅವರ ಜೊತೆಗೇ ಊಟ ಮಾಡುತ್ತಿದ್ದಳು. ಆದರೆ ತಾನು ಬರೆದ ಹೂವನ್ನು ಮಡಿಸುವುದು ಬೇರೆ, ಯಾರೋ ಬರೆದ ಹೂವನ್ನು ಮಡಿಸುವುದು ಬೇರೆ. "ಕಲೀತೀನಿ ಸಾರ್" ಎಂದು ಬಂದಳು.

ಕಲಿಸುವವರು ಯಾರು? ಮನೆಯಲ್ಲೇ ಇದ್ದಳು, ಸೊಸೆ. ಸೋಪಿನ ಹೊದಿಕೆ, ಮಾತ್ರೆಯ ಪೆಟ್ಟಿಗೆ, ಬಿಸ್ಕತ್ತಿನ ಪೊಟ್ಟಣ ಇಂಥವುಗಳ ಮೇಲಿನ ಚಿತ್ರ ಮಾಡುವ ಕಂಪನಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವಳು. ಮಗ ಗೋದಾಮಿನ ರಾತ್ರಿ ಪಾಳಿಗೆ ಆರಕ್ಕೇ ಹೊರಡುತ್ತಿದ್ದ. ಏಳಕ್ಕೆ ಸೊಸೆ ಬಂದು ಮುಖ ತೊಳೆದು ಊಟದ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಅತ್ತೆ ಕೈಕಟ್ಟಿ ಕೂರಬೇಕು, ಸೊಸೆ ಗದರಬೇಕು. ಎಷ್ಟೋ ಮನೆಗಳ ಸೊಸೆಯಂದಿರು ಕೇಳಿದರೆ ಊರುಬಿಟ್ಟು ಓಡಿಬಂದು ನೋಡುವಂಥ ದೃಶ್ಯ.

"ಗೆರೆ ಎಳೀಬೇಡಿ ಅತ್ತೆ. ಇಲ್ಲೊಂದು ಚುಕ್ಕಿ ಇಡಿ, ಅಲ್ಲೊಂದು ಚುಕ್ಕಿ ಇಡಿ. ಒತ್ತಿ ಹಿಡ್ಕೊಂಡು ಜಗ್ಗಿ. ಗೆರೆ ತಾನೇ ಬಾಗುತ್ತೆ."

"ಗೆರೆ ಎಳೀದೆ ಚಿತ್ರ ಬರೆಯೋದು ಹೇಗೇ?"

"ಹಾಗೇನೇ."

ಮೊದಲ ವಾರವೆಲ್ಲ ಮೊಳಕೆಯೊಡೆದ ಒಂದು ಕಾಳಿಗೇ ಹೋಯಿತು. ಚಿತ್ರದಕ್ಕ ಅದರ ಸುತ್ತ ಅರವತ್ತನಾಲ್ಕು ಚುಕ್ಕಿ ಇಟ್ಟಳು. ಕಾಳು ಇಲಿ ಕಡಿದಂತೆ ಕಂಡಿತು. ಸೊಸೆ ಎಲ್ಲ ಅಳಿಸಿ, ನಾಲ್ಕೇ ಚುಕ್ಕಿಯಲ್ಲಿ ಅದೇ ಕಾಳನ್ನು ನುಣ್ಣಗೆ ಮಾಡಿ ತೋರಿಸಿದಳು. ಚಿತ್ರದಕ್ಕನಿಗೆ ಖುಷಿಗಿಂತ ಹೆಚ್ಚಾಗಿ ಸಿಟ್ಟೇ ಬಂತು. ಮೂವತ್ತೊಂದು ವರ್ಷ ಪಳಗಿದ ಕೈ, ಈಗ ಒಂದು ಪ್ಲಾಸ್ಟಿಕ್ಕಿನ ಮೌಸ್ ಹಿಡಿದು ಒಂದನೇ ತರಗತಿಯ ಮಗುವಿನ ಹಾಗೆ ತಡವರಿಸುತ್ತಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಬೇಕು. ಫೋಟೊ ತಿದ್ದುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಅದರ ಧೂಳು, ಕಲೆ ಒರೆಸಬೇಕು. ಅದನ್ನು ಮಸುಕು ಮಾಡಿ ಕೆಳಗಿನ ಲೇಯರಿನಲ್ಲಿ ಹಾಸಿ, ಮೇಲಿನ ಲೇಯರಿನಲ್ಲಿ ಚುಕ್ಕಿ ಇಡುತ್ತ ಹೋಗಬೇಕು. ಯಾವುದು ಮೇಲು ಯಾವುದು ಕೆಳಗು ಎಂದು ಮರೆತು ಅವಳು ಎಷ್ಟು ಸಂಜೆಗಳನ್ನು ಹಾಳು ಮಾಡಿಕೊಂಡಳೋ ಲೆಕ್ಕವಿಲ್ಲ. ಹಗಲು ಮುದ್ರಣಾಲಯದ ಕಿಟಕಿಯಿಲ್ಲದ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಮುಂದೆ ಅಭ್ಯಾಸ, ಸಂಜೆ ಮನೆಯಲ್ಲಿ ಪಾಠ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕತ್ತು ಬಿದ್ದುಹೋಗುತ್ತಿತ್ತು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೂ ಚುಕ್ಕಿಗಳೇ. ಪಕ್ಕದಲ್ಲಿ ಕೂತ ಸೊಸೆ ಆಕಳಿಕೆ ನುಂಗುತ್ತ, "ಕಂಟ್ರೋಲ್ ಝಡ್ ಒತ್ತಿ ಅತ್ತೆ, ಕಂಟ್ರೋಲ್ ಝಡ್" ಎನ್ನುತ್ತಿದ್ದಳು.

ಈ ಕಂಟ್ರೋಲ್ ಝಡ್ ಎಂಬುದು ಮಾಡಿದ ಕೆಲಸವನ್ನು ಹಿಂದಕ್ಕೆ ಕರೆಯುವ ಗುಂಡಿ. ಆದರೆ ಅದಕ್ಕೆ ಒಂದು ಹಠ. ಕೊನೆಯದು ಮೊದಲು ಹೋಗಬೇಕು. ಅರ್ಧ ಗಂಟೆ ಹಿಂದೆ ತೊಟ್ಟಿನ ಗೆರೆ ಎಸಳಿನೊಳಗೆ ನುಗ್ಗಿದ್ದನ್ನು ಈಗ ಕಂಡರೆ, ಅದನ್ನು ಅಳಿಸುವಷ್ಟರಲ್ಲಿ ನಡುವೆ ಬರೆದ ಒಳ್ಳೆಯ ಗೆರೆಗಳೂ ಮಂಗಮಾಯ. ಮೂರನೇ ವಾರ ಹೀಗೇ ಆದಾಗ ಚಿತ್ರದಕ್ಕ ಬೇಸತ್ತು, ಒಂದು ಸಣ್ಣ ಚೌಕ ಮಾಡಿ, ಅದಕ್ಕೆ ಬಿಳಿ ತುಂಬಿ, ಅಂಚು ತೆಗೆದು, ತಪ್ಪಿದ ಗೆರೆಯ ಮೇಲೆ ತಂದಿಟ್ಟಳು. ಗೆರೆ ಮಾಯವಾಯಿತು! ಅವಳಿಗೆ ಹೋದ ಜೀವ ಬಂದಂತಾಯಿತು. ಇಷ್ಟೇ ತಾನೇ? ಇದನ್ನು ಸೊಸೆಗೆ ಹೇಳಬೇಕೆಂದೂ ಅವಳಿಗೆ ಅನ್ನಿಸಲಿಲ್ಲ. ಜಗತ್ತೆಲ್ಲ ಹೀಗೇ ಮಾಡುತ್ತದೆ ಎಂದುಕೊಂಡಳು.

ಅಲ್ಲಿಂದ ಕೆಲಸ ಓಡಿತು. ಕಪ್ಪೆ ಆಯಿತು, ಕಣ್ಣು ಆಯಿತು, ಹೃದಯ ಆಯಿತು. ಗಡುವಿಗೆ ಒಂದು ದಿನ ಮೊದಲೇ ನಲವತ್ತಾರೂ ಮುಗಿಸಿ, ಗುರುವಾರ ಮಾಲೀಕರ ಕೈಗೆ ಪೆನ್‌ಡ್ರೈವ್ ಕೊಟ್ಟು ಬಂದಳು. ಆ ಸಂಜೆ ಚಿತ್ರದಕ್ಕ ಏಳೂವರೆಗೇ ಮಲಗಿದಳು.

ಶುಕ್ರವಾರ ಮಧ್ಯಾಹ್ನ ಕರೆ ಬಂತು. ಕಂಪ್ಯೂಟರಿನಲ್ಲಿ ಚಿತ್ರ, ಅಕ್ಷರ ಜೋಡಿಸಿ ಪುಟ ಕಟ್ಟುವವನ ಪರದೆಯ ಮುಂದೆ ಮಾಲೀಕರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಈ ಸಲದ ಪುಸ್ತಕದಲ್ಲಿ ಪ್ರತಿ ಚಿತ್ರಕ್ಕೂ ತಿಳಿನೀಲಿ ಹಿನ್ನೆಲೆ ಇತ್ತು. ಅದನ್ನು ಚಿತ್ರದಕ್ಕನಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ನೀಲಿಯ ಮೇಲೆ ಅವಳ ಬಿಳಿ ತೇಪೆಗಳೆಲ್ಲ ಎದ್ದು ಕೂತಿದ್ದವು. ಕಪ್ಪೆ ಈಗಷ್ಟೇ ಆಸ್ಪತ್ರೆಯಿಂದ ಬಂದಂತೆ ಮೈತುಂಬ ಪಟ್ಟಿ ಸುತ್ತಿಕೊಂಡಿತ್ತು. ಪುಟ ಕಟ್ಟುವವನು ನಗು ತಡೆಯಲು ಕೆಮ್ಮಿದ.

"ಸೋಮವಾರ ಹನ್ನೆರಡಕ್ಕೆ ಪುಟಗಳು ಅಚ್ಚಿಗೆ ಹೋಗ್ಬೇಕು ಅಕ್ಕ" ಎಂದರು ಮಾಲೀಕರು. "ಅಷ್ಟರೊಳಗೆ ಸರಿಯಾದ್ರೆ ಸರಿ. ಇಲ್ಲಾಂದ್ರೆ ಹೊರಗಡೆ ಕೊಡ್ತೀನಿ. ಆಮೇಲೆ ನನ್ನನ್ನ ಏನೂ ಅನ್ಬೇಡಿ."

ಸಂಜೆ ಸೊಸೆ ಒಳಗೆ ಕಾಲಿಡುತ್ತಿದ್ದಂತೆಯೇ ಚಿತ್ರದಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಸೊಸೆ ಬೆಚ್ಚಿಬೀಳಲಿಲ್ಲ. ಅಯ್ಯೋ ಎನ್ನಲಿಲ್ಲ. ನೆಲ ನೋಡುತ್ತ ನಿಂತಳು.

"ನಿಂಗೆ ಮೊದಲೇ ಗೊತ್ತಿತ್ತೇನೇ?"

"ಗೊತ್ತಿತ್ತು ಅತ್ತೆ. ಎರಡು ತಿಂಗಳ ಹಿಂದೆ ಹೂವಿನ ಫೈಲ್ ತೆಗೆದಾಗ ನೋಡ್ದೆ."

"ಮತ್ತೆ ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?"

"ಹೇಳಿದ್ರೆ ಮತ್ತೆ ಮೊದಲಿಂದ ಕಲಿಸ್ಬೇಕಿತ್ತು." ಸೊಸೆಯ ದನಿ ಸಣ್ಣದಾಯಿತು. "ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಮುಂದಕ್ಕೆ ಹಾಕ್ದೆ. ಬಿಳಿ ಹಾಳೆ ಮೇಲೇ ಅಲ್ವಾ ಬರೋದು, ಕಾಣಲ್ಲ ಬಿಡು ಅಂತ ನನಗೆ ನಾನೇ ಹೇಳ್ಕೊಂಡೆ. ನಂಗೆ ಆಗ್ತಾನೇ ಇರ್ಲಿಲ್ಲ ಅತ್ತೆ."

ಚಿತ್ರದಕ್ಕನಿಗೆ ಕೋಪ ನೆತ್ತಿಗೇರಿತು. ಬೈಯಲೆಂದೇ ತಲೆಯೆತ್ತಿದಳು. ಸೊಸೆಯ ಹೆಗಲಿನಿಂದ ಬ್ಯಾಗು ಇನ್ನೂ ಇಳಿದಿರಲಿಲ್ಲ. ಬಲಗೈ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು, ಅಂಚು ಕೊಳೆಯಾಗಿ ನೂಲು ಬಿಟ್ಟಿತ್ತು.

"ಇದು ಯಾವಾಗ ಕಟ್ಟಿದ್ದು?"

"ಅದೇ, ಎರಡು ತಿಂಗಳಾಯ್ತು. ಮೌಸ್ ಹಿಡಿದೂ ಹಿಡಿದೂ ನೋವು."

ಎರಡು ತಿಂಗಳು ಚಿತ್ರದಕ್ಕ ಆ ಕೈಯ ಪಕ್ಕದಲ್ಲೇ ಕೂತಿದ್ದಳು. ಬೇರಿನ ತುದಿಯ ರೋಮ ಎಣಿಸುವ ಕಣ್ಣು ಅವಳದು. ಅವಳಿಗೆ ನಾಚಿಕೆಯಾಯಿತು, ಮುದ್ರಣಾಲಯದಲ್ಲಿ ಆದದ್ದಕ್ಕಿಂತ ಹೆಚ್ಚು.

"ಕೊಡಿ ಅತ್ತೆ, ನಾನೇ ಮಾಡ್ತೀನಿ" ಎಂದಳು ಸೊಸೆ. "ಶನಿವಾರ ಭಾನುವಾರ ರಜೆ ಇದೆ. ಎಲ್ಲ ಮುಗಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವಳು ಮುಗಿಸುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಕಿಟಕಿಯ ಪಕ್ಕದ ಮೇಜು ಉಳಿಯುತ್ತಿತ್ತು. ಹೂಂ ಎನ್ನುವುದು ಚಿತ್ರದಕ್ಕನ ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡಳು.

"ಹೇಗೆ ತೆಗೆಯೋದು ಅಂತ ಒಂದೇ ಸಲ ತೋರ್ಸು. ಆಮೇಲೆ ನೀನು ಈ ಕಡೆ ತಲೆ ಹಾಕ್ಬೇಡ."

ಹತ್ತು ನಿಮಿಷದ ಪಾಠ ಅಷ್ಟೇ. ಬಿಳಿ ಚೌಕ ಎತ್ತಬೇಕು, ಅಡಿಯಲ್ಲಿರುವ ಗೆರೆಯನ್ನು ಕತ್ತರಿ ಗುರುತಿನಿಂದ ಎರಡು ಕಡೆ ಕತ್ತರಿಸಬೇಕು, ಬೇಡದ ತುಂಡನ್ನು ಅಳಿಸಬೇಕು. ಸೊಸೆ ಒಂದೊಂದೇ ಚೌಕ ಎತ್ತಿದಂತೆ ಮೂರು ತಿಂಗಳ ತಪ್ಪುಗಳೆಲ್ಲ ಪರದೆಯ ಮೇಲೆ ಬಂದವು, ಓರೆಯಾದ ಗೆರೆ, ಹಾದಿ ತಪ್ಪಿದ ಗೆರೆ, ನಡುಗಿದ ಗೆರೆ. ಚಿತ್ರದಕ್ಕ ಬೇರೆ ಕಡೆ ನೋಡಿದಳು. ಸೊಸೆ ಮುಂದಿನ ಚೌಕ ಎತ್ತಿದಳು.

ಎರಡು ಹಗಲು ಚಿತ್ರದಕ್ಕ ಊಟದ ಮೇಜು ಬಿಟ್ಟು ಏಳಲಿಲ್ಲ. ಸೊಸೆ ಬಾಗಿಲ ಬಳಿ ಬಂದಾಗಲೆಲ್ಲ "ಹೋಗೇ ಆಚೆ" ಎಂದು ಅಟ್ಟಿದಳು. ಒಂದೊಂದು ಚಿತ್ರ ಗಂಟೆಗೂ ಹೆಚ್ಚು ತಿಂದಿತು. ಭಾನುವಾರ ಸಂಜೆ ಬೆರಳು ಮಡಿಸಲೂ ಆಗದಾಗ ನೋಡಿದರೆ, ಆದದ್ದು ಹದಿನೇಳು.

ಸೋಮವಾರ ಮಾಲೀಕರು ಆ ಹದಿನೇಳನ್ನೂ ನೀಲಿಯ ಮೇಲೆ ಇಡಿಸಿ ನೋಡಿದರು. ಎಲ್ಲೂ ಬಿಳಿ ಇರಲಿಲ್ಲ.

"ಚೆನ್ನಾಗಿವೆಯಲ್ಲ! ಉಳಿದದ್ದು?"

"ಆಗ್ಲಿಲ್ಲ ಸಾರ್."

"ನಿಮ್ಮ ಸೊಸೆ ಇದೇ ಕೆಲಸದವರಲ್ವಾ ಅಕ್ಕ? ಅವರ ಹತ್ರ ಮಾಡಿಸ್ಕೊಂಡು ಬಂದಿದ್ರೆ ನಾನು ಕೇಳ್ತಾನೂ ಇರ್ಲಿಲ್ಲ. ಮೇಜು ಉಳೀತಿತ್ತು."

"ಮಾಡ್ಕೊಡ್ತೀನಿ ಅಂದ್ಲು. ನಾನೇ ಬೇಡ ಅಂದೆ."

"ಯಾಕೆ?"

"ಅವಳಿಗೆ ಸುಸ್ತಾಗಿದೆ ಸಾರ್."

ಮಾಲೀಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹದಿನೇಳು ಪುಸ್ತಕಕ್ಕೆ ಹೋದವು, ಇಪ್ಪತ್ತೊಂಬತ್ತು ಹೊರಗಿನವರಿಗೆ ಹೋದವು, ಚಿತ್ರದಕ್ಕ ಮರುದಿನದಿಂದ ಬೈಂಡಿಂಗ್‌ಗೆ ಎಂದು ತೀರ್ಮಾನವಾಯಿತು. ಮುಂದಿನ ಪುಸ್ತಕ ಬಂದಾಗ ನೋಡೋಣ ಎಂದರು. ನೋಡೋಣ ಎಂದರೆ ಏನರ್ಥ ಎಂದು ಅವಳಿಗೆ ಗೊತ್ತಿತ್ತು.

ಏಳಕ್ಕೆ ಸೊಸೆ ಬಂದಳು. ಮುಖ ತೊಳೆದು, ಅಭ್ಯಾಸಬಲದಿಂದ ಕುರ್ಚಿ ಎಳೆದು ಕೂತು, ಆಮೇಲೆ ಕೇಳಿದಳು.

"ಏನಂದ್ರು ಅತ್ತೆ?"

"ಹದಿನೇಳು ತಗೊಂಡ್ರು. ನಾಳೆಯಿಂದ ಹಾಳೆ ಮಡಿಸೋದು."

ಸೊಸೆಯ ಕಣ್ಣು ತುಂಬಿತು. "ನಾನು ಅವತ್ತೇ ಹೇಳಿದ್ದಿದ್ರೆ..."

"ನಾನು ಅವತ್ತೇ ನೋಡಿದ್ದಿದ್ರೆ" ಎಂದಳು ಚಿತ್ರದಕ್ಕ. "ಕೊಡು ಇಲ್ಲಿ ಆ ಕೈ."

ಕೊಳೆಯಾದ ಪಟ್ಟಿ ಬಿಚ್ಚಿದಳು. ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಮಣಿಕಟ್ಟಿನ ಮೇಲೆ ಇಟ್ಟಳು, ಆರಿದ ಮೇಲೆ ಮತ್ತೆ ಅದ್ದಿದಳು. ಮೇಜು ಹೋದದ್ದಕ್ಕೆ ಅವಳ ಹೊಟ್ಟೆ ಉರಿಯುತ್ತಲೇ ಇತ್ತು, ಇಲ್ಲವೆಂದು ಸುಳ್ಳು ಹೇಳುವುದೇಕೆ. ನಾಲ್ಕನೆಯ ಸಲ ಬಟ್ಟೆ ಇಡುವಾಗ ನೋಡಿದರೆ ಸೊಸೆ ಕುರ್ಚಿಯಲ್ಲೇ ಕತ್ತು ವಾಲಿಸಿ ನಿದ್ದೆ ಹೋಗಿದ್ದಳು. ಕೈ ಬಿಟ್ಟರೆ ಎಚ್ಚರವಾದೀತೆಂದು ಚಿತ್ರದಕ್ಕ ಹಿಡಿದುಕೊಂಡೇ ಕೂತಳು. ಏಳಲು ಅವಳಿಗೂ ತ್ರಾಣವಿರಲಿಲ್ಲ.