ಪರ್‌ಕ್ಲೋರಿಲ್ ಫ್ಲೋರೈಡಿನ ಚಿತ್ರ

ನಾನು ನಂಜನಗೂಡಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಎರಡು ವರ್ಷದ ಹಿಂದೆ ಎಂ.ಎಸ್ಸಿ. ಮಕ್ಕಳಿಗೆ ಪರ್‌ಕ್ಲೋರಿಲ್ ಫ್ಲೋರೈಡ್ ಅನಿಲದ ಬಗ್ಗೆ ಬರೆದು ತರಲು ಹೇಳಿದ್ದೆ. ಒಂದು ಕ್ಲೋರಿನ್, ಮೂರು ಆಕ್ಸಿಜನ್, ಒಂದು ಫ್ಲೋರಿನ್ ಸೇರಿದ ಅನಿಲ. ಎಣ್ಣೆ, ಬಟ್ಟೆಯಂಥವುಗಳ ಜೊತೆ ಸೇರಿದರೆ ಸಿಡಿಯಬಹುದು. ನಮ್ಮ ಲ್ಯಾಬಿನಲ್ಲಿ ತಯಾರಿಸುವ ಮಾತೇ ಇಲ್ಲ. ಪರ್‌ಕ್ಲೋರೇಟ್ ಲವಣದಿಂದ ಅದನ್ನು ಪಡೆಯುವ ಕ್ರಮವನ್ನು ನಾಲ್ಕು ಸಾಲು ಬರೆದು, ಅಣುವಿನ ಚಿತ್ರ ಹಾಕಿದರೆ ಸಾಕಿತ್ತು.

ಹೆಮ್ಮರಗಾಲದಿಂದ ಬರುತ್ತಿದ್ದ ಹುಡುಗಿಯೊಬ್ಬಳ ಹಾಳೆ ನೋಡಿ ನನಗೆ ಅನುಮಾನ ಬಂತು. ಉಳಿದವರೆಲ್ಲ ನನ್ನ ನೋಟ್ಸಿನಲ್ಲಿದ್ದಂತೆ ಫ್ಲೋರಿನ್ನನ್ನು ಒಂದು ಆಕ್ಸಿಜನ್ನಿಗೆ ಅಂಟಿಸಿದ್ದರು. ಇವಳು ನೇರವಾಗಿ ಕ್ಲೋರಿನ್ನಿಗೇ ಸೇರಿಸಿದ್ದಳು. ತರಗತಿಯಲ್ಲಿ ಬಾಯಿ ಬಿಡದವಳು. ನಾನು ಹೇಳಿಕೊಡದ್ದು ಇವಳಿಗೆ ಎಲ್ಲಿಂದ ಬಂತು? ಅವಳ ಅಣ್ಣ ತಾಂಡವಪುರದ ಕಡೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದ. ಅವನೇ ಬರೆದುಕೊಟ್ಟಿರಬೇಕು ಅಂದುಕೊಂಡೆ.

ಸ್ಟಾಫ್ ರೂಮಿಗೆ ಕರೆಸಿ, "ಇದನ್ನ ಯಾರಮ್ಮ ಬರ್ದುಕೊಟ್ಟಿದ್ದು?" ಎಂದೆ.

"ಯಾರೂ ಇಲ್ಲ ಸಾ. ನಾನೇ ಬರ್ದಿದ್ದು."

"ನಿಮ್ಮಣ್ಣ?"

ಅವಳ ಮುಖ ಕೆಂಪಾಯಿತು. "ಅವ್ನಿಗೆ ಶಿಫ್ಟ್ ಮುಗ್ಸಿ ನಿದ್ದೆ ಮಾಡಕ್ಕೇ ಒತ್ತು ಸಾಲ್ದು ಸಾ."

ಖಾಲಿ ಹಾಳೆ ಕೊಟ್ಟು, ಇಲ್ಲೇ ಬರೆ ಎಂದೆ. ನಿಂತೇ ಬರೆದಳು. ಮತ್ತೆ ಅದೇ ಚಿತ್ರ.

"ಫ್ಲೋರಿನ್ನು ಆಕ್ಸಿಜನ್‌ಗೆ ಅಂಟ್ಕೊಂಡಿದ್ರೆ ಆ ಬಂಧಕ್ಕೆ ಬಲ ಇರಲ್ಲ, ನಾನೂರು ಡಿಗ್ರಿ ಕಾಯ್ಸಿದ್ರೂ ಒಡೀದಂಗೆ ಎಂಗಿರ್ತಿತ್ತು ಸಾ? ಅದ್ಕೇ ಲೈಬ್ರರೀಲಿ ನೋಡ್ದೆ. ಮೂರು ಆಕ್ಸಿಜನ್ನೂ ಒಂದೇ ತರ ಅವೆ ಅಂತ ಬೆಳಕು ಹಾಯ್ಸಿ ತೆಗ್ದ ಸ್ಪೆಕ್ಟ್ರಮ್ಮೇ ತೋರಿಸ್ತದೆ."

ಉತ್ತರ ಕಂಠಪಾಠ ಮಾಡಿಕೊಂಡು ಬಂದಿದ್ದಾಳೆ ಎಂದೇ ಅನ್ನಿಸಿತು. ನೋಡ್ತೀನಿ ಎಂದು ಕಳಿಸಿದೆ.

ಸಂಜೆ ತಿ. ನರಸೀಪುರದ ಮನೆಗೆ ಬಂದವನೇ ದಪ್ಪ ಪುಸ್ತಕ ತೆಗೆದೆ. ಅದರಲ್ಲಿದ್ದದ್ದು ಅವಳ ಚಿತ್ರ. ನನ್ನ ನೋಟ್ಸು ನಾನು ಎಂ.ಎಸ್ಸಿ. ಓದುವಾಗ ಬರೆದುಕೊಂಡದ್ದು. ನಮ್ಮ ಮೇಷ್ಟ್ರು ತಪ್ಪು ಹೇಳಿದರೋ, ನಾನೇ ಬೋರ್ಡು ನೋಡಿ ತಪ್ಪಾಗಿ ಇಳಿಸಿಕೊಂಡೆನೋ ತಿಳಿಯದು. ಅದೇ ನೋಟ್ಸಿನ ಉಳಿದ ಪುಟಗಳ ಮೇಲೂ ನಂಬಿಕೆ ಹೋಯಿತು. ಹೆಂಡತಿ ಊಟಕ್ಕೆ ಕರೆದರೂ ಏಳದೆ ಒಂದೊಂದನ್ನೇ ತಾಳೆ ನೋಡುತ್ತ ಕೂತೆ. ಇನ್ನೆರಡು ತಪ್ಪು ಸಿಕ್ಕವು.

ಮರುದಿನ ಬೋರ್ಡಿನ ಮೇಲೆ ಸರಿಯಾದ ಚಿತ್ರ ಬರೆದು, ತಪ್ಪು ನನ್ನದು ಎಂದು ತರಗತಿಗೇ ಹೇಳಿದೆ. ಎಲ್ಲರೂ ಹೊರಟ ಮೇಲೆ ಅವಳಿಗೆ, "ಬೇಜಾರು ಮಾಡ್ಕೋಬೇಡಮ್ಮ" ಎಂದೆ.

"ಮಿಕ್ಕೋರೆಲ್ಲ ಒಂದೇ ತರ ಬರ್ದಿದ್ರಲ್ಲ ಸಾ, ಅವ್ರನ್ನ ಯಾಕೆ ಕೇಳ್ಲಿಲ್ಲ?"

ನಾನು ಡಸ್ಟರ್ ತಗೊಂಡು ಬೋರ್ಡು ಒರೆಸಲು ತಿರುಗಿದೆ.

ಆಮೇಲೆ ಅವಳು ತರಗತಿಯಲ್ಲಿ ಪ್ರಶ್ನೆ ಕೇಳಲು ಶುರುಮಾಡಿದಳು. ಆದರೆ ಓದು ಮುಗಿಯುವ ತನಕ ಸ್ಟಾಫ್ ರೂಮಿಗೆ ಒಬ್ಬಳೇ ಬರಲಿಲ್ಲ. ಬಂದಾಗಲೆಲ್ಲ ಗೆಳತಿಯೊಬ್ಬಳು ಜೊತೆಗಿರುತ್ತಿದ್ದಳು.