ತುಳಸಿ ಮಾಲೆ ಮತ್ತು ಮಟನ್ ರೋಲು

ಮೊದಲು ಸಿಕ್ಕಿಕೊಂಡದ್ದು ಜೋಳದ ರೊಟ್ಟಿ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಹೆಂಡತಿ ಹೌಸಾ ತುತ್ತು ನುಂಗಲಾರದೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ನೀರು ಕುಡಿದಳು. ಇನ್ನೊಮ್ಮೆ ಕುಡಿದಳು. ಕಣ್ಣು ತುಂಬಿ ಬಂದಿತ್ತು. ಆದರೂ ನಕ್ಕಳು.

"ಗಂಟಲದಾಗ ಯಾರೋ ಅಡ್ಡ ಕುಂತಾರ ನೋಡ್ರಿ. ಟಿಕೆಟ್ ತಗಿಸಿಲ್ಲ ಅನಸ್ತೈತಿ. ಸೀಟಿ ಹೊಡದು ಇಳಸ್ರಿ."

ನಾನು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗ, ಅಥಣಿ ಎಂದು ಜನ್ಮವೆಲ್ಲ ತಿರುಗಿದೆ. ಅವಳ ಚೇಷ್ಟೆ ಯಾವಾಗಲೂ ನನ್ನ ಸೀಟಿ, ಚೀಲ, ಟಿಕೆಟ್ಟಿನ ಸುತ್ತಲೇ. ನಾನೂ ನಕ್ಕೆ. ಮರುದಿನ ಅವಳು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದಳು. ಕೆಲವು ವಾರಗಳಾದ ಮೇಲೆ ಮೆತ್ತಗಿನ ಅನ್ನ. ಆಮೇಲೆ ಗಂಜಿ. ಅವಳ ತಾಟು ಹೀಗೆ ದಿನದಿಂದ ದಿನಕ್ಕೆ ತೆಳ್ಳಗಾಗುವುದನ್ನು ಎದುರಿಗೆ ಕೂತು ನೋಡುತ್ತಿದ್ದರೂ ಅದು ರೋಗವೆಂದು ನನಗೆ ಹೊಳೆಯಲಿಲ್ಲ. ವಯಸ್ಸಾಯಿತು ಅಂದುಕೊಂಡೆ.

ನಿಪ್ಪಾಣಿಯ ಡಾಕ್ಟರು ಮಿರಜದ ದೊಡ್ಡ ದವಾಖಾನೆಗೆ ಕಳಿಸಿದರು. ಎಂಡೋಸ್ಕೋಪಿ ಮಾಡಿದರು. ಬಯಾಪ್ಸಿಗೆಂದು ಚೂರು ತೆಗೆದರು. ಅಲ್ಲಿಯ ಡಾಕ್ಟರು ತಂಬಾಕು ತಿನ್ನುತ್ತೀರಾ ಎಂದು ಕೇಳಿದಾಗ ಹೌಸಾ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟಳು.

"ತಿನ್ನಂಗಿಲ್ರಿ ಸಾಹೇಬ್ರ. ಖರೇ ಹೇಳ್ತೀನಿ. ವಖಾರದಾಗ ಜಾಳಿಗಿ ಹಿಡದು ತಂಬಾಕು ಸೋಸಿದ ಹೆಣ್ಣು ನಾನು. ಉಸರಿನ್ಯಾಗ ಎಷ್ಟ್ ಹೋತೋ ಅದನ್ನ ಯಾರ್ ತೂಕಾ ಮಾಡ್ಯಾರ್ರಿ?"

ರಿಪೋರ್ಟ್ ಬಂತು.

ಫುಡ್ ಪೈಪಿನ ಮೇಲ್ಭಾಗದಲ್ಲಿ ಕ್ಯಾನ್ಸರ್.

ಆಪರೇಶನ್ ಆಗುವ ಜಾಗವಲ್ಲ, ರೇಡಿಯೇಶನ್ ಕೊಡಬೇಕು ಎಂದರು. ನಮ್ಮ ಕಡೆಯವರು ಅದನ್ನು 'ಕರೆಂಟ್ ಕೊಡೋದು' ಅನ್ನುತ್ತಾರೆ. ಮಶೀನಿಗೆ ಪಾಳಿ ಇತ್ತು. ನಮ್ಮ ಪಾಳಿ ಬರಲು ಕೆಲವು ವಾರ ಕಾಯಬೇಕಿತ್ತು.

ಆ ಏಕಾದಶಿಗೆ ನಾನೊಬ್ಬನೇ ಪಂಢರಪುರಕ್ಕೆ ಹೋದೆ. ಇವಳನ್ನು ಉಳಿಸು ಎಂದು ವಿಠ್ಠಲನನ್ನು ಬೇಡಿ, ಮಾಂಸ ಬಿಟ್ಟು, ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡು ಬಂದೆ. ಹೀಗೆ ಮಾಲೆ ಧರಿಸಿ ಮಾಳಕರಿ ಆದವನ ಮನೆಯಲ್ಲಿ ಮೊಟ್ಟೆ ಸಹ ಒಡೆಯುವುದಿಲ್ಲ. ನಮ್ಮ ಮನೆಯಲ್ಲಿ ಪ್ರತಿ ರವಿವಾರ ಮಟನ್ ಬೇಯುತ್ತಿತ್ತು, ಅದರಲ್ಲಿ ಹೆಚ್ಚಿನ ಪಾಲು ನನ್ನದೇ ಇರುತ್ತಿತ್ತು. ನನಗೆ ಅತಿ ಪ್ರೀತಿಯದನ್ನೇ ದೇವರಿಗೆ ಕೊಟ್ಟೆನೆಂಬ ಹೆಮ್ಮೆಯಿಂದ ಬಾಗಿಲಲ್ಲಿ ನಿಂತೆ. ಹೌಸಾ ಮಾಲೆಯನ್ನು ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಮಟನ್ ಪಾತೇಲಿಯನ್ನು ನೋಡಿದಳು.

"ಹಾಕ್ಕೊಳ್ಳೂಕಿಂತ ಮದಲ ನನ್ನ ಒಂದ್ ಮಾತ್ ಕೇಳಿದ್ರೇನು?"

"ನಿನ್ನ ಸಲುವಾಗೇ ಹಾಕ್ಕೊಂಡೇನಿ."

"ಅದಕ್ಕ ಕೇಳಬೇಕಾಗಿತ್ತು," ಅಂದು ಒಳಗೆ ಹೋದಳು.

ಮಶೀನಿನ ಅಳತೆಗಾಗಿ ಮತ್ತೆ ಮಿರಜಕ್ಕೆ ಹೋದೆವು. ಹೌಸಾ ಒಳಗಿದ್ದಳು. ಡಾಕ್ಟರು ನನ್ನನ್ನು ಹೊರಗೆ ಕರೆದು ಮರಾಠಿಯಲ್ಲಿ ಒಂದು ಮಾತು ಹೇಳಿದರು. ಈಗ ಇವರ ನಾಲಿಗೆಗೆ ರುಚಿ ಇದೆ. ಸಣ್ಣ ತುತ್ತು ಇಳಿಯುತ್ತದೆ. ರೇಡಿಯೇಶನ್ ಶುರುವಾದ ಮೇಲೆ ರುಚಿ ಹೋಗುತ್ತದೆ, ತಿರುಗಿ ಬಂದೀತು ಎಂದು ಹೇಳಲಾರೆ. ಮಶೀನಿನ ಪಾಳಿ ಬರುವವರೆಗೆ ಅವರು ಏನು ಕೇಳುತ್ತಾರೋ ತಿನ್ನಿಸಿ. ಖೀಮಾ, ಮೊಟ್ಟೆ, ಮೀನು, ಏನೇ ಆಗಲಿ. ಮೈಯಲ್ಲಿ ಶಕ್ತಿಯೂ ಬೇಕು.

ನಾನು ಮಾಲೆಯನ್ನು ಅಂಗಿಯೊಳಗೆ ಸರಿಸಿ ತಲೆಯಾಡಿಸಿದೆ.

ಅವಳು ಹೊರಗೆ ಬಂದಾಗ ಏನಂದ್ರು ಎಂದು ಕೇಳಿದಳು.

"ಹಾಲು, ಬ್ಯಾಳಿ ಕಟ್ಟು ಕೊಡ್ರಿ ಅಂದಾರ."

ಮಿರಜದಿಂದ ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಕಾಗವಾಡ ದಾಟಿದ ಮೇಲೆ ತಾನೇ ಮಾತು ತೆಗೆದಳು.

"ಮುಂಬೈಯಾಗ ಆ ಪಾರ್ಕಿನ್ಯಾಗ ತಿಂದಿದ್ವಿ ನೋಡ್ರಿ, ಮಟನ್ ರೋಲು. ಅದನ್ನ ಮನ್ಯಾಗ ಮಾಡಾಕ ಬರತೈತೇನು?"

ನಮ್ಮ ಮಗಳು ಸುನಂದಾ ಮುಂಬೈಯಲ್ಲಿರುತ್ತಾಳೆ. ಎರಡು ವರ್ಷದ ಹಿಂದೆ ನಾವು ಹೋದಾಗ ದೋಣಿಯಲ್ಲಿ ಕೂರಿಸಿಕೊಂಡು ಒಂದು ಆಟದ ಪಾರ್ಕಿಗೆ ಕರೆದೊಯ್ದಿದ್ದಳು. ತಿರುಗುವ ತೊಟ್ಟಿಲು, ನೀರಿನ ಜಾರುಬಂಡಿ, ತಲೆಕೆಳಗಾಗಿ ಓಡುವ ರೈಲು. ಕಚ್ಚೆ ಸೀರೆ ಉಟ್ಟ ಹೌಸಾ ರೈಲಿನಲ್ಲಿ ಕೂತು ಬೊಬ್ಬೆ ಹೊಡೆದು, ಇಳಿದವಳೇ ಹಸಿವೆ ಅಂದಳು. ಅಲ್ಲೊಂದು ಅಂಗಡಿ. ಹೆಂಚಿನ ಮೇಲೆ ಮೈದಾ ಪರೋಟ, ಅದಕ್ಕೆ ಮೊಟ್ಟೆ ಸವರಿ, ಒಳಗೆ ಸಣ್ಣಗೆ ಕೊಚ್ಚಿದ ಮಟನ್, ಹುಳಿಯಾದ ಉಳ್ಳಾಗಡ್ಡಿ, ಹಸಿಮೆಣಸು ಇಟ್ಟು, ಕರಿ ಬಣ್ಣದ ಏನೋ ಪುಡಿ ಉದುರಿಸಿ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ನಾನು ಒಂದು ತಿಂದೆ. ಅವಳು ಎರಡು ತಿಂದಳು. ಬೆರಳು ಚೀಪುತ್ತ, "ಜನ್ಮದಾಗ ಮೊದಲನೇ ಸಲ ನಾ ಬೇಯಿಸಿಲ್ದ ಮಟನ್ ತಿಂದೆ" ಅಂದಳು. ಅದು ನಿಜ. ಅಲ್ಲಿಯ ತನಕ ಅವಳಿಗೆ ಯಾರೂ ಬೇಯಿಸಿ ಕೊಟ್ಟಿರಲಿಲ್ಲ.

ಇಷ್ಟನ್ನು ಬಲ್ಲವನು ಆ ಬಸ್ಸಿನಲ್ಲಿ ಹೇಳಿದ್ದು ಏನೆಂದರೆ: "ಮನ್ಯಾಗ ಮಾಲಿ ಐತಿ, ಹೌಸಾ. ಆರಾಮ ಆಗು, ಆಮ್ಯಾಲ ನೋಡೂಣು."

ಅವಳು ಮತ್ತೆ ಕೇಳಲಿಲ್ಲ. ಆದರೆ ಓಣಿಯ ಜೈಬುನ್‌ಗೆ ಹೇಳಿರಬೇಕು. ಇಬ್ಬರೂ ವಖಾರದಲ್ಲಿ ಒಟ್ಟಿಗೆ ದುಡಿದವರು. ಎರಡು ದಿನ ಬಿಟ್ಟು ಜೈಬುನ್ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಮುಚ್ಚಳ ತೆಗೆಯುವ ಮೊದಲೇ ಖೀಮಾದ ವಾಸನೆ ಬಂತು. ನಾನು ಹೊಸ್ತಿಲಿನ ಮೇಲೆ ನಿಂತೆ.

"ಒಯ್ಯ ಬೇ. ಇದು ಈಗ ಮಾಳಕರಿ ಮನಿ."

"ದಾದಾ, ಮಾಲಿ ನಿಮ್ಮ ಕೊರಳಾಗ ಐತಿ. ಹಸಿವಿ ಅಕೀ ಹೊಟ್ಟ್ಯಾಗ ಐತಿ."

"ಒಯ್ಯ ಅಂದೆ."

ಒಳಗೆ ಹೌಸಾ ಎಲ್ಲವನ್ನೂ ಕೇಳುತ್ತ ಕೂತಿದ್ದಳು. ಅವಳು ಕರೆದಿದ್ದರೆ ಜೈಬುನ್ ನನ್ನನ್ನು ದೂಡಿಕೊಂಡು ಒಳಗೆ ಬರುತ್ತಿದ್ದಳು. ಕರೆಯಲಿಲ್ಲ. ತುಂಬಿದ ಡಬ್ಬಿ ತುಂಬಿದ ಹಾಗೆಯೇ ವಾಪಸ್ಸು ಹೋಯಿತು.

ಆ ಪಾಪಕ್ಕೆ ತೇಪೆ ಹಚ್ಚುವವನಂತೆ ನಾನು ಸೋಯಾ ತಂದೆ. ನೆನೆಸಿ, ಕುಟ್ಟಿ, ಖಾರ ಹಾಕಿ, ಚಪಾತಿಯಲ್ಲಿ ಸುತ್ತಿ ಕೊಟ್ಟೆ. ಅವಳು ಅರ್ಧ ತಿಂದಳು. ಹೇಗಿದೆ ಎಂದರೆ ಚಲೋ ಐತಿ ಅಂದಳು. ಹಿತ್ತಲಿಗೆ ಹೋಗಿ ವಾಂತಿ ಮಾಡಿದ್ದು ಕೇಳಿಸಿತು. ಕೇಳಿಸದವನ ಹಾಗೆ ಕೂತೆ.

ರೇಡಿಯೇಶನ್ ಶುರುವಾಯಿತು. ಮಿರಜದಲ್ಲೇ ಒಂದು ಖೋಲಿ ಹಿಡಿದು ಉಳಿದೆವು. ಕೊರಳಿನ ಚರ್ಮ ಕರ್ರಗಾಯಿತು. ಬಾಯಿ ಹುಣ್ಣಾಯಿತು. ಒಂದು ಬೆಳಿಗ್ಗೆ ಚಹಾ ಕುಡಿದು ಲೋಟವನ್ನು ನನ್ನ ಕಡೆ ಚಾಚಿದಳು.

"ಸಕ್ರಿ ಹಾಕೂದ್ ಮರತಿರೇನು?"

ನಾನು ಕುಡಿದು ನೋಡಿದೆ. ಬೆಲ್ಲದ ಹಾಗೆ ಸಿಹಿಯಿತ್ತು.

ಡಾಕ್ಟರು ಹೇಳಿದ ದಿನ ಬಂದಿತ್ತು.

ಕರೆಂಟ್ ಮುಗಿದು ಊರಿಗೆ ಬಂದ ಮೇಲೆ ಕೆಲವು ದಿನ ಗಂಟಲು ಬಿಟ್ಟಿತು. ಶಿರಾ ನುಂಗಿದಳು. ಓಣಿಯಲ್ಲಿ ಓಡಾಡಿದಳು. ವಿಠ್ಠಲ ಕೈ ಹಿಡಿದನೆಂದು ನಾನು ಭಜನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆ. ಆಮೇಲೆ ಶಿರಾ ನಿಂತಿತು. ಗಂಜಿ ನಿಂತಿತು. ಮಿರಜಕ್ಕೆ ಹೋದರೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇನ್ನು ಮಾಡುವಂಥದು ಏನೂ ಇಲ್ಲ, ಮನೆಯಲ್ಲೇ ಇರಲಿ ಅಂದರು. ನೀರಿನಂಥದು ಮಾತ್ರ ಇಳಿಯುತ್ತದೆ.

ಮನೆಗೆ ಬಂದು ನಾನು ಮಾಲೆ ತೆಗೆದೆ.

ಹಾಗೆ ತೆಗೆಯುವ ಕ್ರಮವಿಲ್ಲ. ವಿಠೋಬಾನ ಫೋಟೋದ ಮೊಳೆಗೆ ಅದನ್ನು ತೂಗುಹಾಕಿ ಜೈಬುನ್ ಮನೆಗೆ ಹೋದೆ. ಕೊರಳು ಬರಿದಾಗಿದ್ದನ್ನು ಅವಳು ನೋಡಿದಳು.

"ಏನ್ ದಾದಾ, ಡಬ್ಬಿ ಒಯ್ಯಾಕ ಬಂದ್ರೇನು? ಆವತ್ತಿಂದು ಹಳಸಿ ಹೋತಲ್ಲ."

"ಮಾಡೂದ್ ಕಲಸು ಬೇ. ನಾನ ಮಾಡಬೇಕು."

ಅವಳು ಇನ್ನಷ್ಟು ಬೈಯುತ್ತಾಳೆ ಅಂದುಕೊಂಡಿದ್ದೆ. ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಬಂದಳು. ಒಲೆಯ ಮುಂದೆ ನಾನು ಕೂತೆ, ಬಾಗಿಲಿಗೆ ಒರಗಿ ಅವಳು ಕೂತಳು, ಒಳಗಿನ ಹಾಸಿಗೆಯಿಂದ ಹೌಸಾಳ ಒಡೆದ ದನಿ.

"ಪರೋಟ ತೆಳ್ಳಗ್ ಲಟ್ಟಸಾಕ ಹೇಳ, ಜೈಬುನ್. ಅವರಿಗೆ ಟಿಕೆಟ್ ಹರಿಯೂದಷ್ಟ ಬರತೈತಿ."

"ಹಿಟ್ಟು ಹರದಾರ ಹೌಸಕ್ಕಾ, ಪರೋಟ ಇನ್ನೂ ದೂರ ಐತಿ."

ಮೊದಲ ರೋಲನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. ಮೂಸಿ ನೋಡಿದಳು. ಚಿಟಿಕೆಯಷ್ಟು ಬಾಯಿಗಿಟ್ಟು ಅಗಿದಳು, ಅಗಿಯುತ್ತಲೇ ಇದ್ದಳು. ಆಮೇಲೆ ಬಟ್ಟಲಿಗೆ ಉಗುಳಿದಳು.

"ಹಸಿ ಕಾಗದ ಅಗದಂಗ ಆಗತೈತಿ. ಪಾರ್ಕಿನ ರೋಲಿನ ರುಚಿ ಬಂದೈತೋ ಇಲ್ಲೋ ತಿಳೀವಲ್ದು." ರೋಲನ್ನು ನನ್ನ ಕಡೆ ಚಾಚಿದಳು. "ನೀವು ರುಚಿ ನೋಡಿ ಮಾಡಿದ್ರೇನು?"

ಇಲ್ಲ ಎಂದೆ. ಮಾಲೆ ತೆಗೆದಿದ್ದೆ, ಆದರೆ ಬಾಯಿಗಿಟ್ಟಿರಲಿಲ್ಲ. ಮುಂದೊಂದು ದಿನ ಮತ್ತೆ ಹಾಕಿಕೊಳ್ಳಬಹುದೆಂಬ ಲೆಕ್ಕ ಮನಸ್ಸಿನ ಮೂಲೆಯಲ್ಲಿತ್ತು.

"ಆವತ್ತ ಪಾರ್ಕಿನ್ಯಾಗ ನನ್ನ ಜೋಡಿ ತಿಂದಾವ್ರು ನೀವೊಬ್ರ. ನನ್ನ ನಾಲಗಿ ಹೋಗೇತಿ. ನಿಮ್ಮದು ಐತಲ್ಲ. ತಿಂದು ಹೇಳ್ರಿ, ಅದ ಹೌದೋ ಅಲ್ಲೋ."

ಜೈಬುನ್ ಎದ್ದು ಹಿತ್ತಲಿಗೆ ಹೋದಳು.

ತಿಂದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅದೇ ಐತಿ ಎಂದು ಸುಳ್ಳು ಹೇಳಿ ಮುಗಿಸಿಬಿಡಬಹುದಿತ್ತು. ಒಂದು ಸುಳ್ಳಿನ ಭಾರವೇ ಸಾಕಾಗಿತ್ತು.

"ಅಲ್ಲ. ಹುಳಿ ಬ್ಯಾರೇನ ಐತಿ. ಇದು ನಿಂಬಿಹಣ್ಣು ಹೊಡೀತೈತಿ."

ಅವಳ ಮುಖ ಅರಳಿತು. ಎಷ್ಟೋ ವಾರಗಳ ಮೇಲೆ. "ನಾನೂ ಆವತ್ತ ಅದನ್ನ ಅಂದಿದ್ದೆ. ನಿಂಬಿ ಅಲ್ಲ ಅದು. ಸುನಂದಾಗ ಫೋನ್ ಹಚ್ಚರಿ."

ಎಸ್‌ಟಿಡಿ ಬೂತಿನಿಂದ ಮಗಳಿಗೆ ಹೇಳಿದೆ. "ಅಪ್ಪಾ, ಬರೇ ಅದನ್ನ ಕೇಳಾಕ ಟಿಕೆಟ್ ತಗಸಿ ಒಳಗ ಹೋಗಬೇಕಾಗತೈತಿ," ಎಂದು ನಕ್ಕಳು, ಆಮೇಲೆ ಅತ್ತಳು. ಹೋದಳು. ಯಾವ ಆಟವನ್ನೂ ಆಡದೆ, ಒಬ್ಬಳೇ ಆ ಅಂಗಡಿಯ ಮುಂದೆ ನಿಂತು ಕೇಳಿಕೊಂಡು ಬಂದು ತಿಳಿಸಿದಳು: ಉಳ್ಳಾಗಡ್ಡಿಯನ್ನು ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ನೆನೆಸುತ್ತಾರೆ, ಆ ಕರಿ ಪುಡಿ ಕರಿ ಉಪ್ಪು ಮತ್ತು ಒಣ ಮಾವಿನಕಾಯಿಯದು.

ಅಷ್ಟರಲ್ಲಿ ಹೌಸಾ ನೀರನ್ನೂ ಚಮಚೆಯಲ್ಲಿ ಕುಡಿಯುತ್ತಿದ್ದಳು. ಆದರೂ ನಾನು ಮಾಡುವುದು, ತಿನ್ನುವುದು, ಹೇಳುವುದು ನಡೆದೇ ಇತ್ತು. ಮಟನ್ ಬಿರುಸು. ಖಾರ ಕಡಿಮೆ. ಪರೋಟಕ್ಕೆ ಇನ್ನಷ್ಟು ಎಣ್ಣೆ ಬೇಕು. ಅವಳು ಮಲಗಿದಲ್ಲೇ ತಿದ್ದುತ್ತಿದ್ದಳು. ಕೈ ಎತ್ತಲಾಗದ ದಿನಗಳಲ್ಲಿ ಕಣ್ಣಿನಿಂದ ಕೇಳುತ್ತಿದ್ದಳು. ಸಂಸಾರದಲ್ಲಿ ಅಷ್ಟು ವಿವರವಾಗಿ ನಾನು ಅವಳಿಗೆ ಯಾವುದನ್ನೂ ಹೇಳಿದ್ದಿಲ್ಲ. ಅವಳು ಮಾಡಿದ ಅಡಿಗೆಯ ಬಗ್ಗೆಯೂ.

ಒಂದು ಮಧ್ಯಾಹ್ನ ಮೊದಲ ತುತ್ತಿಗೇ ನನಗೆ ಆ ಸಮುದ್ರದ ಗಾಳಿ ಬಡಿದಂತಾಯಿತು.

"ಹೌಸಾ, ಇದ ನೋಡ. ಇದು ಅದ."

"ಖರೇ?"

"ಖರೇ. ನಿನ್ನಾಣಿ."

ಅವಳು ಕಣ್ಣು ಮುಚ್ಚಿದಳು. ನಾನು ಪೂರ್ತಿ ತಿಂದು ಕೈ ಒರೆಸಿಕೊಂಡೆ. ಕಣ್ಣು ತೆರೆದಳು.

"ಇನ್ನೊಂದು ತಿನ್ರಿ."

"ಸಾಕ ಹೌಸಾ. ಹೊಟ್ಟಿ ತುಂಬೇತಿ."

"ತುಂಬಿದ್ದು ನಿಮ್ಮದು. ಆವತ್ತ ನಾ ಎರಡು ತಿಂದಿದ್ದೆ."

ಮಾಡಿದೆ. ತಿಂದೆ. ಒಂದೊಂದು ತುತ್ತನ್ನೂ ಅವಳು ನೋಡುತ್ತಿದ್ದಳು. ಕೊನೆಯ ತುತ್ತು ನುಂಗಿದ ಮೇಲೆ ಬೆರಳು ತೋರಿಸಿದಳು. ಬೆರಳನ್ನೂ ಚೀಪಿದೆ.

ಆ ವಾರ ಮುಗಿಯುವ ಮೊದಲೇ ಹೌಸಾ ತೀರಿಕೊಂಡಳು.

ಡಾಕ್ಟರು ಹೇಳಿದ್ದ ಮಾತನ್ನು ನಾನು ಅವಳಿಗೆ ಕಡೆಗೂ ಹೇಳಲಿಲ್ಲ. ಹೇಳುವ ಧೈರ್ಯ ಪ್ರತಿ ರೋಲಿನ ಜೊತೆಗೂ ಬಂದು, ಅವಳ ಮುಖ ನೋಡಿದಾಗ ಹೋಗುತ್ತಿತ್ತು. ನಾಲಿಗೆ ಇದ್ದ ಆ ಕೆಲವು ವಾರಗಳನ್ನು ಅವಳಿಗೆ ತಿಳಿಸದೆ ಅವಳಿಂದ ತೆಗೆದುಕೊಂಡವನು ನಾನು. ಹರಕೆ ನನ್ನದು, ತೀರಿಸಿದವಳು ಅವಳು. ಮಟನ್ ತಿಂದಿದ್ದರೆ ಬದುಕುತ್ತಿದ್ದಳೆಂದು ನಾನು ಹೇಳುತ್ತಿಲ್ಲ. ರುಚಿ ಗೊತ್ತಾಗಿ ತಿನ್ನುತ್ತಿದ್ದಳು, ಅಷ್ಟೇ. ಈ ಮಾತನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಮಾಲೆ ಆ ಮೊಳೆಯ ಮೇಲೆಯೇ ಇದೆ. ಭಜನೆಯವರು ಮತ್ತೆ ಹಾಕಿಕೋ ಅನ್ನುತ್ತಾರೆ. ವಿಠ್ಠಲನ ಮೇಲೆ ನನಗೆ ಸಿಟ್ಟಿಲ್ಲ. ಅವನು ನನ್ನಿಂದ ಏನನ್ನೂ ಕೇಳಿರಲಿಲ್ಲ.

ಜೈಬುನ್ ಈಗಲೂ ಕೆಲವು ಸಲ ಡಬ್ಬಿ ತರುತ್ತಾಳೆ. "ತಗೋರಿ ದಾದಾ, ಹೌಸಕ್ಕನ ಪಾಲು" ಅನ್ನುತ್ತಾಳೆ. ಹೊಸ್ತಿಲಿನ ಮೇಲೆಯೇ ಎರಡೂ ಕೈಯಿಂದ ಇಸಿದುಕೊಳ್ಳುತ್ತೇನೆ. ಅವಳ ಆ ಕ್ಷಮೆಗೆ ನಾನು ತಕ್ಕವನಲ್ಲ, ಆದರೂ ಬೇಡ ಅನ್ನುವುದಿಲ್ಲ. ಉಂಡು, ಡಬ್ಬಿ ತೊಳೆದು, ಹೌಸಾ ಮಾಡುತ್ತಿದ್ದಂತೆ ಒಳಗೆ ಒಂದು ಹಿಡಿ ಶೇಂಗಾ ಹಾಕಿ ಕೊಟ್ಟುಬರುತ್ತೇನೆ. ಬರಿದಾದ ಡಬ್ಬಿಯನ್ನು ಹೌಸಾ ಯಾರ ಮನೆಗೂ ವಾಪಸ್ಸು ಕಳಿಸಿದವಳಲ್ಲ.