ಗಂಜಿಯಲ್ಲಿ ಕೂದಲು

ಗಂಟಲಿನ ಕ್ಯಾನ್ಸರ್ ತೆಗೆದ ಜಾಗಕ್ಕೆ ಅಪ್ಪನ ಎಡ ಮುಂಗೈಯ ಚರ್ಮವನ್ನೇ ಕತ್ತರಿಸಿ ಹೊಲಿದಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಅಹಮದಾಬಾದಿನ ಆಸ್ಪತ್ರೆಯಿಂದ ಅದೇ ಊರಂಚಿನ ಬೋಪಾಲ್ ಬಡಾವಣೆಯ ನಮ್ಮ ಫ್ಲಾಟಿಗೆ ಕಳಿಸುವಾಗ, ಆಹಾರ ಇಳಿಸಲು ಹಾಕಿದ್ದ ಮೂಗಿನ ನಳಿಕೆ ತೆಗೆದರು. ಸರಿಯಾಗಿ ಉಣ್ಣದೆ ತೂಕ ಇಳಿದರೆ ಮತ್ತೆ ಹಾಕುತ್ತೇವೆ ಎಂದರು. ಅಪ್ಪನಿಗೆ ಆ ನಳಿಕೆ ಸಾವಿಗಿಂತ ಅಸಹ್ಯ.

ಕೆಲವು ತಿಂಗಳು ಗಂಜಿ ಇಳಿಯಿತು. ಆಮೇಲೊಂದು ಬೆಳಿಗ್ಗೆ ಬಟ್ಟಲು ತಳ್ಳಿದರು.

“ಕೂದ್ಲು ಉಂಟು ಇದ್ರಲ್ಲಿ,” ಎಂದರು, ತೊದಲುತ್ತ.

ವಡೋದರದ ಫತೇಗಂಜಿನಲ್ಲಿ ಹೋಟೆಲಿಟ್ಟು ಹಾಸ್ಟೆಲ್ ಹುಡುಗರಿಗೆ ಇಡ್ಲಿ ಸಾಂಬಾರು ಬಡಿಸಿ ಬಾಳಿದವರು. ತಟ್ಟೆಯಲ್ಲಿ ಒಂದು ಕೂದಲು ಸಿಕ್ಕರೆ ಹಂಡೆ ಸಾಂಬಾರೇ ಮೋರಿಗೆ. ಅಮ್ಮ ತಲೆಗೆ ಬಟ್ಟೆ ಕಟ್ಟಿದಳು, ಗಂಜಿ ಸೋಸಿದಳು. ಮರುದಿನವೂ ಕೂದಲು.

“ಇನ್ನು ತಲೆ ಬೋಳಿಸ್ಕೊಂಡು ಬರ್ಲಾ ಮಾರಾಯ್ರೆ?”

ನಾನು ಮೊಬೈಲಿನ ಬೆಳಕು ಬಿಟ್ಟು ಅಪ್ಪನ ಬಾಯಿ ನೋಡಿದೆ. ನಾಲಿಗೆಯ ಹಿಂದೆ, ಮುಂಗೈಯ ಬಿಳಿಚಿದ ತುಂಡಿನ ಮೇಲೆ ಕೂದಲು ಬೆಳೆದು ಲೋಳೆಯಲ್ಲಿ ಒರಗಿತ್ತು. ಅದರಲ್ಲಿ ಸಿಕ್ಕಿಕೊಂಡ ಅಗುಳು, ಹಳಸಿದ ವಾಸನೆ. ನನ್ನ ನೆನಪಿನಲ್ಲಿ ಅದು ಕಪ್ಪು. ಅವರ ಮೈಮೇಲೆ ಕಪ್ಪು ಕೂದಲು ಎಲ್ಲಿತ್ತು ಎನ್ನುತ್ತಾಳೆ ಅಮ್ಮ. ಅವಳದೇ ಸರಿಯಿರಬೇಕು, ನನ್ನ ಹೇಸಿಗೆಯೇ ಬಣ್ಣ ಬಳಿದಿರಬೇಕು. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿದ್ದು ಮಾತ್ರ ಇಬ್ಬರಿಗೂ ನೆನಪಿದೆ.

ವಿಷಯ ತಿಳಿದ ಮೇಲೆ ಅಪ್ಪ ನೀರನ್ನೂ ಉಗಿದರು. “ಕೂದ್ಲ ಮೇಲೆ ಹೊಯ್ದದ್ದನ್ನು ಯಾರು ಕುಡೀತಾರೆ?”

ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರ್ ನಕ್ಕರು. “ಕಾಕಾ, ಆಪ್ಕೇ ಹೀ ಬಾಲ್ ಹೈಂ, ಕಿಸೀ ಔರ್ ಕೇ ನಹೀಂ.” ನಿಮ್ಮದೇ ಕೂದಲು, ಬೇರೆ ಯಾರದ್ದೂ ಅಲ್ಲ, ಎಂದು. ತಾನೀಗ ಗಂಟಲು ಎಂಬುದು ಕೈಯ ಚರ್ಮಕ್ಕೆ ಗೊತ್ತಾಗುವುದಿಲ್ಲ, ಆಗಾಗ ಬಂದು ಕತ್ತರಿಸಿಕೊಳ್ಳಬೇಕು ಎಂದು ವಿವರಿಸಿ, ಬಾಗಿದ ಕತ್ತರಿಯನ್ನು ಬಾಯೊಳಗೆ ಇಳಿಸಿದರು. ಹತ್ತಿಗೆ ಅಂಟಿ ಬಂದದ್ದನ್ನು ನಾನು ನೋಡಲಿಲ್ಲ. ನೋಡಿದ್ದರೆ ಬಣ್ಣವಾದರೂ ಇತ್ಯರ್ಥವಾಗುತ್ತಿತ್ತು.

ಮನೆಗೆ ಬಂದು ಅಮ್ಮ ಗಂಜಿ ಇಟ್ಟಳು. ಅಪ್ಪ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೋಟೆಲಿನ ಅಡುಗೆಮನೆಯಲ್ಲಿ ಮಾಡುತ್ತಿದ್ದಂತೆ, ಚಮಚದಿಂದ ಕೆದಕಿದರು.

“ಮತ್ತೆ ಬೆಳೀತದೆ.”

“ಬೆಳೀಲಿ. ಈ ಹೋಟ್ಲಿಗೆ ನೀವೊಬ್ರೇ ಗಿರಾಕಿ. ಉಣ್ಣಿ, ಇಲ್ಲದಿದ್ರೆ ಮೂಗಿಗೆ ಪೈಪು,” ಎಂದಳು ಅಮ್ಮ.

ಅಪ್ಪ ಕಣ್ಣು ಮುಚ್ಚಿ ನುಂಗಿದರು. ಮುಖ ಕಿವುಚಿದರು. ಇನ್ನೊಂದು ಚಮಚ ತೆಗೆದುಕೊಂಡರು. ಎದುರಿಗೆ ಕೂತಿದ್ದ ನನಗೆ ನನ್ನ ಬಟ್ಟಲನ್ನು ಮುಟ್ಟಲಾಗಲಿಲ್ಲ.